ಎಡಗೈ ಹೆಬ್ಬೆಟ್ಟು

ಸಾಗರದ ಸಬ್‌ರಿಜಿಸ್ಟ್ರಾರ್ ಕಛೇರಿಯ ಎದುರು
ಜೆರಾಕ್ಸ್ ಅಂಗಡಿಗೂ ಎಳನೀರ ಗಾಡಿಗೂ ನಡುವೆ
ನನ್ನ ಮೇಜು. ಮೂರು ಕಾಲು ಅದರದ್ದೇ,
ನಾಲ್ಕನೆಯದು ಇಟ್ಟಿಗೆ.

ನಾಗವೇಣಿಯಮ್ಮ ಬಂದದ್ದು ಬುಧವಾರ, ಕರೆಂಟಿಲ್ಲದ ದಿನ.
ಕರೆಂಟಿದ್ದರೆ ಗಿರಣಿ ಬಿಟ್ಟು ಏಳುವವರಲ್ಲ.
ಹುಬ್ಬಿನ ಮೇಲೆ ಅಕ್ಕಿಹಿಟ್ಟು, ಕಿವಿಯ ಸಂದಿಯಲ್ಲಿ ರಾಗಿ.
"ಒಂದು ಉಯಿಲು ಬರೀರಿ" ಅಂದರು,
ಎರಡು ಸೇರು ಕಡಲೆ ಬೀಸಿಕೊಡಿ ಅನ್ನುವ ದನಿಯಲ್ಲಿ.

ಮೈ ಹುಷಾರಿಲ್ಲವೆ, ಕೇಳಿದೆ.
"ನನಗೆಂತ ಆಗಿದೆ, ಗುಂಡುಕಲ್ಲು.
ಹುಷಾರಿದ್ದಾಗಲೇ ಅಲ್ಲವ ಬರೆಯೋದು ಮಾರಾಯರೆ?
ಬೆಲ್ಟು ಹರಿದ ಮೇಲೆ ಬೆಲ್ಟು ತರಲು ಹೋದರೆ
ಸಾಲಲ್ಲಿದ್ದವರು ಡಬ್ಬಿ ಎತ್ತಿಕೊಂಡು ಹೋಗ್ತಾರೆ.
ಇವರು ತೀರಿಕೊಂಡಾಗ ಒಂದು ಚೀಟಿಯೂ ಇರಲಿಲ್ಲ.
ಭಾವಂದಿರು ಬೀಗ ಜಡಿದರು. ಅದರ ಮೇಲೆ ನಾನೊಂದು ಜಡಿದೆ.
ಮೂರನೆಯದು ಕೋರ್ಟಿನದು.
ಎರಡು ವರ್ಷ ಎಂಟು ತಿಂಗಳು.
ಒಳಗೆ ಯಾರದ್ದೋ ಹಿಟ್ಟಿನ ಡಬ್ಬಿ ಉಳಿದಿತ್ತು.
ಮುಚ್ಚಳ ತೆಗೆದರೆ ಹಿಟ್ಟು ನಡೆದಾಡುತ್ತಿತ್ತು."

ಬರೆದುಕೊಂಡೆ.
ಹತ್ತು ಅಶ್ವಶಕ್ತಿಯ ಮೋಟಾರು, ಎರಡು ಜೊತೆ ಕಲ್ಲು,
ಕಲ್ಲಿಗೆ ಹಲ್ಲು ಹೊಡೆಯುವ ಉಳಿ,
ತಕ್ಕಡಿ (ಅರ್ಧ ಕೇಜಿಯ ಬಟ್ಟು ಕಳೆದಿದೆ),
ಮಳಿಗೆ, ಮಳಿಗೆಯ ಹಿಂದಿನ ಕೋಣೆ
ಎಲ್ಲಾ ಚೌಡಿಗೆ.

"ಚೌಡಿ ನಿಮಗೆ ಏನಾಗಬೇಕು?"
ಬಹಳ ಹೊತ್ತು ಎಳನೀರಿನವನ ಕತ್ತಿ ನೋಡಿದರು.
"ಹನ್ನೆರಡರ ಹುಡುಗಿ, ಕಸ ಗುಡಿಸಲು ಬಂದಳು.
ಈಗ ಕಲ್ಲಿನ ಸದ್ದು ಕೇಳಿಯೇ ಹೇಳ್ತಾಳೆ
ಹಿಟ್ಟು ನುಣ್ಣಗೋ ತರಿಯೋ ಅಂತ.
ಅದಕ್ಕೆ ಎಂತ ಅಂತಾರೋ ನೀವೇ ಬರೀರಿ."
ಮೂವತ್ತೊಂದು ವರ್ಷ ಬರೆದ ಕೈ. ಪದ ಸಿಗಲಿಲ್ಲ.
ಖಾಲಿ ಬಿಡುವಂತಿಲ್ಲ.
'ನನ್ನ ಜೊತೆಗಿರುವವಳು' ಎಂದು ಬರೆದೆ.

ಬ್ಯಾಂಕಿನ ಠೇವಣಿ ಅಣ್ಣನ ಮಕ್ಕಳು ಮೂವರಿಗೆ, ಸಮ.
"ಗಿರಣಿ ಯಾಕಿಲ್ಲ ಅಂತಲೂ ಬರೀರಿ,
ಸಿಟ್ಟಿನಿಂದ ಅಂದುಕೊಳ್ಳಬಾರದು.
ಅವರಿಗೆ ಧೂಳು ಆಗಲ್ಲ, ಸೀನು."
ಕಾನೂನಿಗೆ ಬೇಡದ ಮಾತು. ಬರೆದೆ.
"ಸಾಲದ ಪುಸ್ತಕ?"
"ಅದು ನನ್ನ ಜೊತೆ ಸುಡಲಿ."

ಪಡೆಯುವವರು ಸಾಕ್ಷಿ ನಿಲ್ಲುವುದು ಬೇಡ ಅಂದೆ.
ಚೌಡಿ ದೂರ ಹೋಗಿ ಗಾಡಿಯಾಚೆ ನಿಂತಳು.
ಎಳನೀರಿನ ಹಾಲೇಶಿ ಒಬ್ಬ, ಜೆರಾಕ್ಸಿನ ಇನಾಸ ಇನ್ನೊಬ್ಬ.
ಇಂಕಿನ ಪ್ಯಾಡು ತೆರೆದೆ. ಎಡಗೈ ಹೆಬ್ಬೆಟ್ಟು ಒತ್ತಿದರು.

ಕಾಗದದ ಮೇಲೊಂದು ನೀಲಿ ಮೊಟ್ಟೆ.
ಗೆರೆಯೇ ಇಲ್ಲ.
ಮತ್ತೆ ಒತ್ತಿದರು. ಮತ್ತೆ ಮೊಟ್ಟೆ.
ಬಿಸಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ನೋಡಿ
ನಲವತ್ತು ವರ್ಷದಲ್ಲಿ ಅವರ ಗುರುತು
ಊರಿನ ರೊಟ್ಟಿಯೊಳಗೆ ಸೇರಿಹೋಗಿತ್ತು.

"ರೇಷನ್ ಅಂಗಡಿಯ ಮಿಷನ್ನೂ ಹೀಗೇ,
ನೀನ್ಯಾರು ಅನ್ನತ್ತೆ" ಎಂದು ನಕ್ಕರು.
ನನಗೆ ನಗು ಬರಲಿಲ್ಲ. ನಾಳೆ ಯಾರೋ ಕರಿಕೋಟು
ಈ ಮೊಟ್ಟೆ ಎತ್ತಿ ಹಿಡಿಯುತ್ತಾನೆ:
ಇದು ಯಾರದ್ದೂ ಆಗಬಹುದು, ಸ್ವಾಮಿ.
"ಸಹಿ ಕಲಿತು ಬನ್ನಿ" ಅಂದೆ.

ಹನ್ನೆರಡನೆಯ ದಿನ ಬಂದರು. ಅಂದೂ ಕರೆಂಟಿಲ್ಲ.
ಮೊರದಲ್ಲಿ ಹಿಟ್ಟು ಹರಡಿ, ಬೆರಳು ಹಿಡಿದು
ಚೌಡಿ ತಿದ್ದಿಸಿದಳಂತೆ. ತಪ್ಪಾದರೆ ಮೊರ ಅಲ್ಲಾಡಿಸುವುದು.
"ರಾತ್ರಿ ಅದೇ ಹಿಟ್ಟಿನ ರೊಟ್ಟಿ.
ನನ್ನ ಹೆಸರನ್ನ ಚಟ್ನಿಯಲ್ಲಿ ನೆಂಚಿಕೊಂಡು ತಿಂದ್ವಿ."

ಪೆನ್ನು ಹಿಡಿದದ್ದು ಉಳಿ ಹಿಡಿದ ಹಾಗೆ.
ನಾ, ಘಟ್ಟ ಹತ್ತುವ ಬಸ್ಸಿನಂತೆ.
ಗ.
ವೇ, ಬೆವರಿತು.
ಣ.
ಅಲ್ಲಿಗೆ ನಿಂತರು. ಏನೋ ಉಳಿದಿದೆ, ಏನೆಂದು ಗೊತ್ತಿಲ್ಲ.
ನಾನು ಹೇಳುವಂತಿಲ್ಲ. ಸಾಕ್ಷಿಗಳು ಉಸಿರು ಹಿಡಿದರು.

ಗಾಡಿಯಾಚೆ ಚೌಡಿ ಕೈ ಮೇಲೆತ್ತಿ
ಗಾಳಿಯಲ್ಲಿ ಒಂದು ಸಣ್ಣ ಸುತ್ತು ಸುತ್ತಿದಳು.
ಗುಡಿಸು.
(ನಾನದನ್ನು ನೋಡಿಲ್ಲ ಎಂದಿಟ್ಟುಕೊಳ್ಳಿ.)

ಣಿ ಆಯಿತು. ಅದರ ಬಾಲ ಕಾಗದ ದಾಟಿ
ನನ್ನ ಮೇಜಿನ ಮೇಲೂ ಒಂದಿಷ್ಟು ಹರಿಯಿತು.
ಒರೆಸಲು ಬಟ್ಟೆ ಹುಡುಕುತ್ತಿದ್ದೆ,
ಕರೆಂಟು ಬಂತು ಎಂದು ಯಾರೋ ಕೂಗಿದರು.
ಶಾಯಿ ಆರುವ ಮುಂಚೆಯೇ
ಇಬ್ಬರೂ ಓಡಿಯಾಗಿತ್ತು.